ಮಳೆಗಾಲದಲ್ಲಿ ಮನೆಯಲ್ಲೇ ಕೂತು ಕಂದು ಕುಬ್ಜಗಳ ಸ್ಪೆಕ್ಟ್ರಂ ಓದುವುದು ಹೇಗೆ

ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಆಕಾಶ ನೋಡುವವರಿಗೆ ರಜೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಟೆಲಿಸ್ಕೋಪ್ ಇರುವವರು ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಕಾಪಾಡಿಕೊಂಡರೆ ಅದೇ ದೊಡ್ಡದು. ಆದರೆ ಈ ನಾಲ್ಕು ತಿಂಗಳಿಗೆ ಹೇಳಿ ಮಾಡಿಸಿದ ಕೆಲಸ ಒಂದು ಉಂಟು: ಕಂದು ಕುಬ್ಜಗಳ ಇನ್‌ಫ್ರಾರೆಡ್ ಸ್ಪೆಕ್ಟ್ರಂ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬರುತ್ತದೆ ಎಂಬ ಲೆಕ್ಕ) ಓದುವುದು. ಡೇಟಾ ಬೇರೆಯವರು ತೆಗೆದಿಟ್ಟಿದ್ದಾರೆ, ಬಿಟ್ಟಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬಿಎಸ್ಸಿ ಮಕ್ಕಳು "ಸಾರ್, ಟೆಲಿಸ್ಕೋಪ್ ಇಲ್ಲದೆ ಪ್ರಾಜೆಕ್ಟ್ ಎಂಥ ಮಾಡುವುದು?" ಎಂದು ಕೇಳುವುದು ಜಾಸ್ತಿ ಆಗಿದೆ, ಹಾಗಾಗಿ ಒಮ್ಮೆ ಸರಿಯಾಗಿ ಬರೆದಿಡೋಣ ಅನ್ನಿಸಿತು. ಪ್ಲಸ್ ಟು ಫಿಸಿಕ್ಸ್ ನೆನಪಿದ್ದರೆ ಇದು ಅರ್ಥವಾಗುತ್ತದೆ. ಪೈಥಾನ್ ಸ್ವಲ್ಪ ಬಂದರೆ ಇನ್ನೂ ಒಳ್ಳೆಯದು.

ಮೊದಲು, ಇವು ಎಂಥವು

ಒಂದು ಅನಿಲದ ಉಂಡೆ ತನ್ನೊಳಗೆ ಹೈಡ್ರೋಜನ್ ಉರಿಸಿಕೊಂಡು ನಕ್ಷತ್ರವಾಗಿ ನಿಲ್ಲಬೇಕಾದರೆ ಗುರುಗ್ರಹದ ಸುಮಾರು 75ರಿಂದ 80 ಪಟ್ಟು ತೂಕ ಬೇಕು. ಅಷ್ಟು ಇಲ್ಲದಿದ್ದರೆ ಅದು ಹುಟ್ಟಿನ ಬಿಸಿಯನ್ನೇ ಹೊರಗೆ ಬಿಡುತ್ತಾ ಕೋಟ್ಯಂತರ ವರ್ಷ ತಣಿಯುತ್ತಾ ಹೋಗುತ್ತದೆ. ಅದೇ ಕಂದು ಕುಬ್ಜ. ಇಂಥ ಒಂದು ಗಡಿ ಇರಲೇಬೇಕು ಎಂದು 1960ರ ದಶಕದ ಶುರುವಿನಲ್ಲೇ ಲೆಕ್ಕ ಹಾಕಿ ತೋರಿಸಿದವರು ಭಾರತ ಮೂಲದ ಶಿವ್ ಕುಮಾರ್. ನಿಜವಾದದ್ದು ಸಿಕ್ಕಿದ್ದು 1995ರಲ್ಲಿ: ಕೃತ್ತಿಕಾ ಗುಂಪಿನಲ್ಲಿ ಟೈಡೆ 1, ಮತ್ತೆ 19 ಜ್ಯೋತಿರ್ವರ್ಷ ದೂರದ ಗ್ಲೀಸ 229ಬಿ. ಎರಡನೆಯದರ ಸ್ಪೆಕ್ಟ್ರಂನಲ್ಲಿ ಮೀಥೇನ್ ಕಂಡಿತು. ನಕ್ಷತ್ರದ ಬಿಸಿಯಲ್ಲಿ ಮೀಥೇನ್ ಉಳಿಯುವುದೇ ಇಲ್ಲ, ಹಾಗಾಗಿ ವಾದ ಅಲ್ಲಿಗೆ ಮುಗಿಯಿತು. ಮಜಾ ಏನೆಂದರೆ ಅಷ್ಟು ವರ್ಷ ಒಂದು ಅಂದುಕೊಂಡಿದ್ದ ಅದೇ ಗ್ಲೀಸ 229ಬಿ ನಿಜಕ್ಕೂ ಎರಡು, 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ ಎಂದು 2024ರಲ್ಲಿ ಗೊತ್ತಾಯಿತು.

ಬಿಸಿಯ ಪ್ರಕಾರ ಇವಕ್ಕೆ ಎಂ, ಎಲ್, ಟಿ, ವೈ ಎಂದು ನಾಲ್ಕು ವರ್ಗ. ಎಂ ಅಂದರೆ ಸುಮಾರು 3800 ಕೆಲ್ವಿನ್‌ನಿಂದ 2300ರವರೆಗೆ. ಇದರಲ್ಲಿ ಹೆಚ್ಚಿನವು ಸಣ್ಣ ನಕ್ಷತ್ರಗಳು. ಎಲ್ ಅಂದರೆ ಅಲ್ಲಿಂದ ಕೆಳಗೆ 1300ರ ಆಸುಪಾಸಿನವರೆಗೆ, ಟಿ ಅಂದರೆ ಅಲ್ಲಿಂದ 500ರ ಹತ್ತಿರದವರೆಗೆ, ಅದಕ್ಕೂ ತಣ್ಣಗಿದ್ದರೆ ವೈ. ಒಂದೊಂದರ ಒಳಗೂ 0ಯಿಂದ 9ರವರೆಗೆ ಮೆಟ್ಟಿಲು ಉಂಟು, ಎಲ್5, ಟಿ2 ಹೀಗೆ. ನಮ್ಮ ಕೆಲಸ ಇಷ್ಟೇ: ಕೈಗೆ ಸಿಕ್ಕಿದ ಸ್ಪೆಕ್ಟ್ರಂ ಯಾವ ಮೆಟ್ಟಿಲಿನದ್ದು ಎಂದು ಹೇಳುವುದು, ಅದು ವಿಚಿತ್ರವಾಗಿದ್ದರೆ ಯಾಕೆ ವಿಚಿತ್ರ ಎಂದು ಕಂಡುಹಿಡಿಯುವುದು.

ಇನ್‌ಫ್ರಾರೆಡ್ ಯಾಕೆ, ಇಲ್ಲಿಂದ ಯಾಕೆ ಆಗುವುದಿಲ್ಲ

2000 ಕೆಲ್ವಿನ್ ಬಿಸಿಯ ವಸ್ತು ಅತಿ ಹೆಚ್ಚು ಬೆಳಕು ಬಿಡುವುದು 1.45 ಮೈಕ್ರಾನ್ ತರಂಗಾಂತರದ ಹತ್ತಿರ. ನಮ್ಮ ಕಣ್ಣು 0.7ಕ್ಕೇ ಕೈಚೆಲ್ಲುತ್ತದೆ, ಕ್ಯಾಮೆರಾದ ಸಿಲಿಕಾನ್ ಚಿಪ್ 1.1ಕ್ಕೆ. ಹಾಗಾಗಿ ಬೇರೆ ಡಿಟೆಕ್ಟರ್ ಬೇಕು, ಅದನ್ನು ತಂಪು ಮಾಡಿ ಇಡಬೇಕು, ಅದು ನಮ್ಮ ನಿಮ್ಮ ಜೇಬಿನ ಮಾತಲ್ಲ.

ಅದಕ್ಕಿಂತ ದೊಡ್ಡ ತಕರಾರು ನೀರಿನದ್ದು. ಗಾಳಿಯಲ್ಲಿರುವ ನೀರಾವಿ 1.4 ಮತ್ತು 1.9 ಮೈಕ್ರಾನ್ ಸುತ್ತಮುತ್ತ ಬೆಳಕನ್ನು ನುಂಗುತ್ತದೆ. ಉಳಿದ ಕಿಂಡಿಗಳಿಗೆ, ಅಂದರೆ ಬ್ಯಾಂಡ್‌ಗಳಿಗೆ, ಜೆ (1.25ರ ಸುತ್ತ), ಎಚ್ (1.65ರ ಸುತ್ತ), ಕೆ (2.2ರ ಸುತ್ತ) ಎಂದು ಹೆಸರು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮೇಲಿನ ಗಾಳಿಯಲ್ಲಿರುವ ನೀರಾವಿಯನ್ನೆಲ್ಲ ಹಿಂಡಿ ನೆಲಕ್ಕೆ ಇಳಿಸಿದರೆ 50 ಮಿಲಿಮೀಟರಿಗೂ ಮೇಲೆ ನಿಲ್ಲುತ್ತದೆ. ಹವಾಯಿಯ ಮೌನಾ ಕೇಯಾ ಬೆಟ್ಟದ ಮೇಲೆ, 4200 ಮೀಟರ್ ಎತ್ತರದಲ್ಲಿ, ಒಳ್ಳೆಯ ರಾತ್ರಿ ಅದು ಒಂದೆರಡು ಮಿಲಿಮೀಟರ್. ಅಷ್ಟೇ ವ್ಯತ್ಯಾಸ, ಅದೇ ಎಲ್ಲವೂ. ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ 2.34 ಮೀಟರಿನ ದೊಡ್ಡ ಟೆಲಿಸ್ಕೋಪ್ ಇದ್ದರೂ ಜಾಗ ಇರುವುದು 725 ಮೀಟರ್ ಎತ್ತರದಲ್ಲಿ, ಇನ್‌ಫ್ರಾರೆಡ್‌ಗೆ ಅದು ಸಾಲದು. ನಮ್ಮ ದೇಶದಲ್ಲಿ ಈ ಕೆಲಸ ನಡೆಯುವುದು ಮುಖ್ಯವಾಗಿ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದ 2 ಮೀಟರ್ ಟೆಲಿಸ್ಕೋಪ್‌ನಲ್ಲಿ (ಅದನ್ನು ನಡೆಸುವುದು ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ ಕೂತು!), ಮತ್ತೆ ನೈನಿತಾಲ್ ಹತ್ತಿರದ ದೇವಸ್ಥಲದ 3.6 ಮೀಟರ್ ಟೆಲಿಸ್ಕೋಪ್‌ನಲ್ಲಿ, ತಾನ್‌ಸ್ಪೆಕ್ ಎಂಬ ಉಪಕರಣ ಇಟ್ಟು.

ಕಣ್ಣಿನಿಂದಾದರೂ ನೋಡಬಹುದಾ ಅಂತ ಕೇಳುವವರಿಗೆ: ನಮಗೆ ಅತಿ ಹತ್ತಿರದ ಕಂದು ಕುಬ್ಜಗಳು ಲುಮನ್ 16 ಎಂಬ ಜೋಡಿ, ಆರೂವರೆ ಜ್ಯೋತಿರ್ವರ್ಷ ದೂರ, 2013ರಲ್ಲಿ ಸಿಕ್ಕಿದ್ದು. ಏಪ್ರಿಲ್ ರಾತ್ರಿಗಳಲ್ಲಿ ಕಾಸರಗೋಡಿನ ದಕ್ಷಿಣ ದಿಗಂತದಿಂದ ಸುಮಾರು 24 ಡಿಗ್ರಿ ಮೇಲೆ ಬರುತ್ತದೆ. ಕೆ ಬ್ಯಾಂಡಿನಲ್ಲಿ 9ನೇ ಮ್ಯಾಗ್ನಿಟ್ಯೂಡಿನಷ್ಟು ಹೊಳೆಯುತ್ತದೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮಾತ್ರ ಎಷ್ಟೋ ಪಟ್ಟು ಮಂಕು. ಅದು ಇರುವ ದಿಕ್ಕಿಗೆ ಬೆರಳು ತೋರಿಸಬಹುದು, ಅಷ್ಟೇ.

ಡೇಟಾ ತರುವುದು

ಸ್ಪೆಕ್ಸ್ ಪ್ರಿಸಂ ಲೈಬ್ರರಿ (SpeX Prism Library) ಎಂದು ಹುಡುಕಿ. ಮೌನಾ ಕೇಯಾದಲ್ಲಿ ನಾಸಾದ 3 ಮೀಟರಿನ ಇನ್‌ಫ್ರಾರೆಡ್ ಟೆಲಿಸ್ಕೋಪ್ ಉಂಟು, ಅದರಲ್ಲಿರುವ ಉಪಕರಣದ ಹೆಸರು ಸ್ಪೆಕ್ಸ್. ಅದರ ಪ್ರಿಸಂ ಮೋಡ್‌ನಲ್ಲಿ ತೆಗೆದ ಎಂ, ಎಲ್, ಟಿ ಸ್ಪೆಕ್ಟ್ರಂಗಳು ಸಾವಿರಕ್ಕೂ ಹೆಚ್ಚು ಅಲ್ಲಿವೆ. ಸುಮಾರು 0.65ರಿಂದ 2.55 ಮೈಕ್ರಾನ್‌ವರೆಗೆ ಒಂದೇ ಸಲಕ್ಕೆ ಬರುತ್ತದೆ. ರೆಸಲ್ಯೂಶನ್ ನೂರರ ಆಸುಪಾಸು, ಅಂದರೆ ಒರಟು. ಆದರೆ ಒರಟು ಅಂತ ಮೂಗು ಮುರಿಯಬೇಡಿ, ನಮಗೆ ಬೇಕಾದದ್ದು ಗೆರೆಗಳಲ್ಲ, ಆಕಾರ. ಫೈಲ್‌ಗಳು ತೀರ ಸಣ್ಣವು, ಮಳೆಗೆ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಾಗಲೂ ಇಳಿಸಿಕೊಳ್ಳಬಹುದು.

ಫೈಲ್ ತೆರೆದರೆ ಮೂರು ಕಾಲಂ: ತರಂಗಾಂತರ ಮೈಕ್ರಾನ್‌ನಲ್ಲಿ, ಫ್ಲಕ್ಸ್ (ಬಂದ ಬೆಳಕಿನ ಪ್ರಮಾಣ), ಅದರ ದೋಷ (ಎರರ್). ಕೆಲವು ಹಳೆಯ ಫೈಲ್‌ಗಳಲ್ಲಿ ಮೂರನೆಯದು ಇರುವುದಿಲ್ಲ. ಫಿಟ್ಸ್ ಫೈಲ್ (ಖಗೋಳ ಡೇಟಾ ಇಡುವ ಬಗೆ) ಆದರೆ ಆಸ್ಟ್ರೋಪೈ ತೆರೆಯುತ್ತದೆ, ಪಠ್ಯ ಫೈಲ್ ಆದರೆ ನಂಪೈ ಸಾಕು, ಎರಡೂ ಪೈಥಾನ್ ಪ್ಯಾಕೇಜ್‌ಗಳು. ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲೇ ಗೂಗಲ್ ಕೊಲ್ಯಾಬ್ ತೆರೆದು ಮಾಡಬಹುದು, ಆದರೆ ಕರೆಂಟ್ ಹೋಗಿ ವೈಫೈ ಕೈಕೊಟ್ಟು ಸೆಷನ್ ಮುಚ್ಚಿದರೆ ಇಳಿಸಿದ ಫೈಲ್‌ಗಳೆಲ್ಲ ಮಾಯ, ಹಾಗಾಗಿ ಎಲ್ಲವನ್ನೂ ಡ್ರೈವ್‌ನಲ್ಲಿ ಇಡಿ. ಇದೇ ಲೈಬ್ರರಿಯ ಜೊತೆ ಸ್ಪ್ಲಾಟ್ ಎಂಬ ಪೈಥಾನ್ ಪ್ಯಾಕೇಜ್ ಕೂಡ ಉಂಟು, ಒಂದೇ ಸಾಲಿನಲ್ಲಿ ವರ್ಗ ಹೇಳಿಬಿಡುತ್ತದೆ. ಒಳ್ಳೆಯದೇ. ಆದರೆ ಶುರುವಿನಲ್ಲಿ ಅದನ್ನು ಮುಟ್ಟಬೇಡಿ ಎಂಬುದು ನನ್ನ ಅಭಿಪ್ರಾಯ. ಕೈಯಿಂದ ಮಾಡಿ ಕಣ್ಣು ಪಳಗಿದ ಮೇಲೆ ಅದನ್ನು ತಂದರೆ ಅದು ಎಲ್ಲಿ ಎಡವುತ್ತದೆ ಎಂದು ನಿಮಗೇ ಕಾಣುತ್ತದೆ.

ಫ್ಲಕ್ಸ್ ಯಾವ ಲೆಕ್ಕದಲ್ಲಿದೆ ಎಂದು ಹೆಡರ್ ನೋಡಿ. ಒಂದೊಂದು ಮೈಕ್ರಾನಿಗೆ ಎಷ್ಟು ಎಂಬ ಲೆಕ್ಕ ಒಂದು, ಒಂದೊಂದು ಹರ್ಟ್ಸ್‌ಗೆ ಎಷ್ಟು ಎಂಬ ಲೆಕ್ಕ ಇನ್ನೊಂದು. ಎರಡರ ನಡುವೆ ತರಂಗಾಂತರದ ಸ್ಕ್ವೇರಿನಷ್ಟು ವ್ಯತ್ಯಾಸ ಬರುತ್ತದೆ, ಅಂದರೆ ಒಂದನ್ನು ಇನ್ನೊಂದು ಅಂದುಕೊಂಡು ಹೋಲಿಸಿದರೆ ಕೆ ಬ್ಯಾಂಡ್ ಜೆಗಿಂತ ಮೂರು ಪಟ್ಟು ಎದ್ದು ನಿಂತು ಸಾಧಾರಣ ಎಂ ನಕ್ಷತ್ರವೂ ಭಾರೀ ಕೆಂಪು ಕಂದು ಕುಬ್ಜದ ಹಾಗೆ ಕಾಣುತ್ತದೆ. ಸ್ಪೆಕ್ಸ್ ಲೈಬ್ರರಿಯಲ್ಲಿರುವುದು ಮೊದಲನೆಯ ಲೆಕ್ಕ. ಗಾಳಿಯ ತರಂಗಾಂತರವೋ ನಿರ್ವಾತದ್ದೋ ಎಂದು ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಆ ವ್ಯತ್ಯಾಸ 1.25ರ ಹತ್ತಿರ 0.0003 ಮೈಕ್ರಾನ್ ಚಿಲ್ಲರೆ, ನಮ್ಮ ಪ್ರಿಸಂನ ಒಂದು ಹೆಜ್ಜೆಯೇ 0.01ರಷ್ಟು.

ಮೊದಲ ನೋಟ

ಪ್ಲಾಟ್ ಮಾಡಿ. ಅಡ್ಡಕ್ಕೆ 0.8ರಿಂದ 2.4 ಮೈಕ್ರಾನ್, ನಿಲುವಿಗೆ ಫ್ಲಕ್ಸ್. ಎತ್ತರ ಸಮ ಮಾಡಲಿಕ್ಕೆ 1.26ರಿಂದ 1.29ರ ನಡುವಿನ ಸರಾಸರಿಯಿಂದ ಇಡೀ ಸ್ಪೆಕ್ಟ್ರಮ್ಮನ್ನು ಭಾಗಿಸಿ. ಒಂದೇ ಬಿಂದುವಿನಿಂದ ಭಾಗಿಸಬೇಡಿ, ಯಾಕೆ ಅಂತ ಮುಂದೆ ಬರುತ್ತದೆ.

ಎಂ7, ಎಂ8 ಆದರೆ ಎಡದಿಂದ ಬಲಕ್ಕೆ ನಿಧಾನ ಇಳಿಯುವ ದಿಬ್ಬ ಕಾಣುತ್ತದೆ, 1.4, 1.9 ಹತ್ತಿರ ಆಳವಿಲ್ಲದ ತಗ್ಗು, 2.29 ಮೈಕ್ರಾನ್‌ನಲ್ಲಿ ಕಾರ್ಬನ್ ಮಾನಾಕ್ಸೈಡಿನ ಒಂದು ಮೆಟ್ಟಿಲು (ಫ್ಲಕ್ಸ್ ಥಟ್ಟನೆ ಇಳಿಯುವ ಜಾಗ). 0.99ರ ಹತ್ತಿರದ ಕಚ್ಚು ಐರನ್ ಹೈಡ್ರೈಡ್‌ನದ್ದು. ಎಂ8ಕ್ಕೆ ಒಳ್ಳೆಯ ಮಾದರಿ ವಿಬಿ 10; ಏಳು ಗ್ರಹಗಳಿಂದಾಗಿ ಎಲ್ಲರಿಗೂ ಗೊತ್ತಾದ ಟ್ರಾಪಿಸ್ಟ್-1 ಕೂಡ ಎಂ8, ಎರಡನ್ನೂ ಒಂದರ ಮೇಲೊಂದು ಹಾಕಿ ನೋಡಿ. ಎಲ್ ಕಡೆಗೆ ಬಂದ ಹಾಗೆ ತಗ್ಗು ಆಳವಾಗುತ್ತದೆ, ಎಚ್ ಮತ್ತು ಕೆ ದಿಬ್ಬಗಳು ಏರುತ್ತವೆ, 1.17 ಮತ್ತು 1.25ರಲ್ಲಿ ಪೊಟ್ಯಾಸಿಯಂನ ಎರಡು ಕಚ್ಚು ಎದ್ದು ಕಾಣುತ್ತವೆ. ದಿಬ್ಬ ಏರಲು ಕಾರಣ ಮೋಡ. ಹೌದು, ಅಲ್ಲೂ ಮೋಡವೇ! ನೀರಿನದ್ದಲ್ಲ, ಕಬ್ಬಿಣ ಮತ್ತು ಸಿಲಿಕೇಟ್ ಕಣಗಳದ್ದು. ಆ ಮೋಡ ಜೆ ಬ್ಯಾಂಡಿನ ಬೆಳಕನ್ನು ಜಾಸ್ತಿ ತಡೆಯುತ್ತದೆ, ಹಾಗಾಗಿ ಹೋಲಿಕೆಯಲ್ಲಿ ಕೆ ಏರಿದಂತೆ ಕಾಣುತ್ತದೆ. ಟಿಗೆ ಇಳಿದರೆ ಮೋಡ ಕೆಳಗೆ ಕೂರುತ್ತದೆ, ಮೀಥೇನ್ ಬರುತ್ತದೆ, ಇಡೀ ಚಿತ್ರವೇ ಬದಲಾಗಿ ಟಿ8ರ ಹೊತ್ತಿಗೆ 1.08, 1.27, 1.58, 2.08ರ ಹತ್ತಿರ ನಾಲ್ಕು ಚೂಪು ಶಿಖರ ಬಿಟ್ಟರೆ ನಡುವೆ ಏನೂ ಉಳಿದಿರುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಟಿ8ರ ಬಿಸಿ 700-800 ಕೆಲ್ವಿನ್ ಅಂತ ಇಟ್ಟುಕೊಳ್ಳಿ, ಪಠ್ಯಪುಸ್ತಕದ ಬ್ಲ್ಯಾಕ್‌ಬಾಡಿ ಲೆಕ್ಕದಲ್ಲಿ ಶಿಖರ 4 ಮೈಕ್ರಾನ್ ಹತ್ತಿರ ಇರಬೇಕು, 1.27ರಲ್ಲಿ ಹೆಚ್ಚು ಕಡಿಮೆ ಏನೂ ಇರಬಾರದು. ಆದರೆ ನೀರು, ಮೀಥೇನ್ ಎರಡೂ ನುಂಗದ ಕಿಂಡಿ ಅಲ್ಲಿ ಇರುವುದರಿಂದ ಒಳಗಿನ ಬಿಸಿ ಪದರದ ಬೆಳಕು ನೇರ ಹೊರಗೆ ಬರುತ್ತದೆ. ಹಾಗಾಗಿ ಬ್ಲ್ಯಾಕ್‌ಬಾಡಿ ಗೆರೆ ಎಳೆದು ಬಿಸಿ ಲೆಕ್ಕ ಹಾಕುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಯಾರ ನೀರು ಯಾವುದು?

ಇಡೀ ಕೆಲಸದಲ್ಲಿ ಜಾಸ್ತಿ ಹುಷಾರಾಗಿರಬೇಕಾದ ಜಾಗ ಇದು. ಕಂದು ಕುಬ್ಜದ ವಾತಾವರಣದಲ್ಲಿ ನೀರಾವಿ ಇದೆ. ಭೂಮಿಯ ಗಾಳಿಯಲ್ಲೂ ಇದೆ. ಎರಡೂ ಅದೇ ಅಣು, ಅದೇ 1.4, ಅದೇ 1.9. ಹಾಗಾದರೆ ನೆಲದ ಮೇಲಿನ ಟೆಲಿಸ್ಕೋಪಿನಿಂದ ಅಲ್ಲಿಯ ನೀರು ಕಾಣುವುದಾದರೂ ಹೇಗೆ?

ಬಿಸಿಯಿಂದ. ನಮ್ಮ ಗಾಳಿಯ ನೀರು 300 ಕೆಲ್ವಿನ್‌ಗಿಂತ ತಣ್ಣಗೆ, ಅದರ ಅಣುಗಳು ಕೆಳಗಿನ ಕೆಲವೇ ಶಕ್ತಿ ಮಟ್ಟಗಳಲ್ಲಿ ಕೂತಿರುತ್ತವೆ, ಆದ್ದರಿಂದ ಅದು ನುಂಗುವ ಪಟ್ಟಿ ಅಗಲ ಕಡಿಮೆ. ಅಲ್ಲಿಯ ನೀರು 1500, 2000 ಕೆಲ್ವಿನ್. ಮೇಲಿನ ಮಟ್ಟಗಳೂ ತುಂಬಿರುತ್ತವೆ, ಪಟ್ಟಿ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಹಾಗಾಗಿ 1.4ರ ನಟ್ಟನಡುವೆ ನಮಗೆ ಏನೂ ಹೇಳಲಿಕ್ಕಾಗದಿದ್ದರೂ 1.33ರಿಂದ ಇಳಿಯಲು ಶುರುವಾಗುವ ಇಳಿಜಾರು, 1.5ರ ಹತ್ತಿರ ಏರುವ ಏರು, ಇವು ಅಲ್ಲಿಯದೇ. ಪ್ಲಾಟಿನಲ್ಲಿ ನೋಡಬೇಕಾದದ್ದು ತಗ್ಗಿನ ತಳವನ್ನಲ್ಲ, ತಗ್ಗಿನ ದಂಡೆಯನ್ನು.

ನಮ್ಮ ಗಾಳಿಯ ಪಾಲನ್ನು ತೆಗೆಯಲಿಕ್ಕೆ ವೀಕ್ಷಕರು ಅದೇ ರಾತ್ರಿ, ಆಕಾಶದಲ್ಲಿ ಹತ್ತಿರವೇ ಇರುವ ಎ0 ವರ್ಗದ ಬಿಳಿ ನಕ್ಷತ್ರವೊಂದರ ಸ್ಪೆಕ್ಟ್ರಂ ತೆಗೆದಿರುತ್ತಾರೆ. ಆ ನಕ್ಷತ್ರದಲ್ಲಿ ಹೈಡ್ರೋಜನ್ ಗೆರೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಉಳಿದ ತಗ್ಗುಗಳೆಲ್ಲ ಭೂಮಿಯವು, ಅದರಿಂದ ಭಾಗಿಸಿದರೆ ಆಯಿತು. ನೀವು ಇಳಿಸುವ ಫೈಲಿನಲ್ಲಿ ಇದು ಮುಗಿದಿರುತ್ತದೆ. ಆದರೆ ಪೂರ್ತಿ ಕ್ಲೀನ್ ಆಗುವುದು ಅಪರೂಪ. 1.094, 1.282 ಅಥವಾ 2.166 ಮೈಕ್ರಾನ್‌ನಲ್ಲಿ ಒಂದು ಸಣ್ಣ ಗುಬುಟು ಕಂಡರೆ ಅದು ಹೊಸ ಸಂಶೋಧನೆ ಅಲ್ಲ ಮಾರಾಯ್ರೆ, ಎ0 ನಕ್ಷತ್ರದ ಹೈಡ್ರೋಜನ್ ಗೆರೆ ಸರಿಯಾಗಿ ಹೋಗದೆ ಉಳಿದದ್ದು. ಅದರಲ್ಲಿ 1.282 ಇರುವುದು ನಾವು ಎತ್ತರ ಸಮ ಮಾಡುವ ಜಾಗದಲ್ಲೇ! ಒಂದೇ ಬಿಂದುವಿನಿಂದ ಭಾಗಿಸಬೇಡಿ ಎಂದದ್ದು ಇದಕ್ಕೆ.

1.35ರಿಂದ 1.45, 1.8ರಿಂದ 1.95, ಈ ಎರಡು ತುಂಡುಗಳನ್ನು ಹೋಲಿಕೆಯಿಂದ ಹೊರಗಿಡಿ. ಅಲ್ಲಿ ಫ್ಲಕ್ಸ್ ಸೊನ್ನೆಗಿಂತ ಕೆಳಗೆ ಹೋದರೂ ಗಾಬರಿ ಬೇಡ, ಅಲ್ಲಿಗೆ ಬೆಳಕೇ ಬಂದಿಲ್ಲ, ಇರುವುದು ಬರೀ ಗದ್ದಲ.

ವರ್ಗ ಹಚ್ಚುವುದು

ಇದು ಅಳೆಯುವ ಕೆಲಸಕ್ಕಿಂತ ಆರಿಸುವ ಕೆಲಸ. ನಮ್ಮಲ್ಲಿ ಚಾಲಿ ಅಡಿಕೆ ಸುಲಿದ ಮೇಲೆ ಆರಿಸುವುದಿಲ್ಲವಾ, ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಉಳ್ಳಿಗಡ್ಡೆ, ಕರಿಗೋಟು ಬೇರೆ, ಯಾರೂ ವರ್ನಿಯರ್ ಹಿಡಿದು ಕೂರುವುದಿಲ್ಲ, ಈಗಾಗಲೇ ಇರುವ ರಾಶಿಯ ಪಕ್ಕ ಹಿಡಿದು ಯಾವುದಕ್ಕೆ ಹೊಂದುತ್ತದೆ ಎಂದು ನೋಡಿ ಹಾಕುವುದು. ಇಲ್ಲೂ ಒಂದೊಂದು ಮೆಟ್ಟಿಲಿಗೆ ಒಂದೊಂದು ಮಾದರಿ ವಸ್ತು ಗೊತ್ತುಮಾಡಿದ್ದಾರೆ. ಎಂ7ಕ್ಕೆ ವಿಬಿ 8, ಎಂ8ಕ್ಕೆ ವಿಬಿ 10, ಎಂ9ಕ್ಕೆ ಎಲ್‌ಎಚ್‌ಎಸ್ 2924, ಟಿ2ಕ್ಕೆ ಎಸ್‌ಡಿಎಸ್‌ಎಸ್ 1254−0122, ಟಿ8ಕ್ಕೆ 2ಮಾಸ್ 0415−0935, ಹೀಗೆ. ಎಂ7ರಿಂದ ಟಿ8ರವರೆಗಿನ ಎಲ್ಲ ಮಾದರಿಗಳನ್ನೂ ಒಂದು ಫೋಲ್ಡರಿಗೆ ಇಳಿಸಿಡಿ.

ಮಾಡುವ ಕ್ರಮ ಹೀಗೆ. ನಿಮ್ಮ ಸ್ಪೆಕ್ಟ್ರಮ್ಮನ್ನೂ ಮಾದರಿಯನ್ನೂ ಒಂದೇ ತರಂಗಾಂತರದ ಪಟ್ಟಿಗೆ ತನ್ನಿ, ನಂಪೈಯ ಇಂಟರ್ಪೊಲೇಷನ್ ಸಾಕು. ಆಮೇಲೆ 0.9ರಿಂದ 1.35ರ ಒಳಗೆ ಮಾತ್ರ ಹೋಲಿಸಿ. ಇಡೀ ಉದ್ದಕ್ಕೆ ಹೋಲಿಸಬೇಡಿ. ಒಂದೇ ಎಲ್5 ವರ್ಗದ ಎರಡು ವಸ್ತುಗಳಲ್ಲಿ ಮೋಡ ಹೆಚ್ಚು ಕಡಿಮೆ ಇದ್ದರೆ ಕೆ ದಿಬ್ಬದ ಎತ್ತರ ತುಂಬಾ ಬದಲಾಗುತ್ತದೆ, ಆದರೆ ಜೆ ಬ್ಯಾಂಡಿನ ಒಳಗಿನ ಕಚ್ಚುಗಳು ಅಷ್ಟು ಅಲುಗಾಡುವುದಿಲ್ಲ. ಮೊದಲು ಜೆಯಲ್ಲಿ ಮೆಟ್ಟಿಲು ಗೊತ್ತು ಮಾಡಿ, ಆಮೇಲೆ ಎಚ್, ಕೆ ನೋಡಿ ಮಾದರಿಗಿಂತ ಮೇಲಿದ್ದರೆ 'ಕೆಂಪು', ಕೆಳಗಿದ್ದರೆ 'ನೀಲಿ' ಎಂದು ಪಕ್ಕದಲ್ಲಿ ಬರೆಯಿರಿ.

ಕೈ-ಸ್ಕ್ವೇರ್ (ಸ್ಪೆಕ್ಟ್ರಂ ಮಾದರಿಯಿಂದ ಎಷ್ಟು ತಪ್ಪುತ್ತದೆ ಎಂದು ಹೇಳುವ ಅಂಕೆ) ಕಡಿಮೆ ಬಂದದ್ದೇ ಉತ್ತರ ಎಂದು ಒಪ್ಪಿಸುವವರು ಜಾಸ್ತಿ.

"ಸಾರ್, ಎಲ್6ಕ್ಕೆ ಕೈ-ಸ್ಕ್ವೇರ್ ಎಲ್ಲಕ್ಕಿಂತ ಕಡಿಮೆ. ಆಯ್ತಲ್ವಾ?"

"ಪ್ಲಾಟ್ ನೋಡಿದೆಯಾ?"

"ಇಲ್ಲ ಸಾರ್."

"ಹಾಗಾದರೆ ಆಗಿಲ್ಲ."

ಯಾಕೆಂದರೆ ದೋಷದ ಕಾಲಂ ಹೇಳುವುದು ಬರೀ ಫೋಟಾನ್‌ಗಳ ಗದ್ದಲವನ್ನು, ಭೂಮಿಯ ನೀರು ಸರಿಯಾಗಿ ಹೋಗಿದೆಯಾ ಎಂಬುದು ಅದರಲ್ಲಿ ಇರುವುದಿಲ್ಲ. 1.12-1.16ರ ಹತ್ತಿರ ನಮ್ಮ ಗಾಳಿಯ ನೀರಿನ ಇನ್ನೊಂದು ಸಣ್ಣ ಪಟ್ಟಿ ಉಂಟು, ಅಲ್ಲಿ ಒಂದಿಷ್ಟು ಉಳಿದಿದ್ದರೆ ಕೈ-ಸ್ಕ್ವೇರ್ ನಿಮ್ಮನ್ನು ಒಂದೆರಡು ಮೆಟ್ಟಿಲು ಆಚೆ ಕೊಂಡುಹೋಗಿ ಬಿಡುತ್ತದೆ. ಗೆದ್ದ ಮಾದರಿ, ಅದರ ಹಿಂದಿನದು, ಮುಂದಿನದು ಮೂರನ್ನೂ ನಿಮ್ಮ ಸ್ಪೆಕ್ಟ್ರಮ್ಮಿನ ಮೇಲೆ ಬೇರೆ ಬಣ್ಣದಲ್ಲಿ ಹಾಕಿ ನೋಡಿ. ಎಲ್ಲಿ ತಪ್ಪುತ್ತಿದೆ ಎಂದು ಕಣ್ಣು ತಕ್ಷಣ ಹೇಳುತ್ತದೆ.

ಟಿ ವರ್ಗಕ್ಕೆ ಒಂದು ಸುಲಭದ ದಾರಿಯೂ ಉಂಟು, ಅನುಪಾತ. ಮೀಥೇನ್-ಎಚ್ ಅನ್ನುವುದು 1.635-1.675ರ ಫ್ಲಕ್ಸನ್ನು 1.56-1.60ರ ಫ್ಲಕ್ಸಿನಿಂದ ಭಾಗಿಸಿದ್ದು. ನೀರು-ಜೆ ಅಂದರೆ 1.14-1.165ರದ್ದನ್ನು 1.26-1.285ರದ್ದರಿಂದ. ಮೀಥೇನ್-ಕೆ ಅಂದರೆ 2.215-2.255ರದ್ದನ್ನು 2.08-2.12ರದ್ದರಿಂದ. ಎಲ್ ವರ್ಗದಲ್ಲಿ ಮೀಥೇನ್-ಎಚ್ ಒಂದರ ಆಸುಪಾಸು ಇರುತ್ತದೆ, ಟಿ ಇಳಿದ ಹಾಗೆ ಬೀಳುತ್ತಾ ಟಿ8ರಲ್ಲಿ 0.1ರ ಹತ್ತಿರ ಬರುತ್ತದೆ. ಸ್ಪ್ರೆಡ್‌ಶೀಟಿನಲ್ಲೂ ಮಾಡಬಹುದಾದ ಲೆಕ್ಕ. ಮೂರು ಅನುಪಾತವೂ ಒಂದೇ ಮೆಟ್ಟಿಲು ಹೇಳಿದರೆ ನೆಮ್ಮದಿ, ಬೇರೆ ಬೇರೆ ಹೇಳಿದರೆ ವಿಷಯ ಅಲ್ಲೇ ಉಂಟು.

ಕೈ ಪಳಗಿಸಲಿಕ್ಕೆ ಎಸ್‌ಡಿಎಸ್‌ಎಸ್ 1254−0122ನ್ನು ತೆರೆದು ಕೆ ಬ್ಯಾಂಡನ್ನು ದೊಡ್ಡದು ಮಾಡಿ ನೋಡಿ. 2.1ರ ಹತ್ತಿರ ಶಿಖರ. ಅಲ್ಲಿಂದ ಬಲಕ್ಕೆ ಬಂದರೆ 2.2ರಿಂದ ಮೀಥೇನ್ ನುಂಗಲು ಶುರು ಮಾಡಿದ್ದು ಇಳಿಜಾರಾಗಿ ಕಾಣುತ್ತದೆ. ಇನ್ನೂ ಬಲಕ್ಕೆ 2.29ರಲ್ಲಿ ಕಾರ್ಬನ್ ಮಾನಾಕ್ಸೈಡಿನ ಮೆಟ್ಟಿಲೂ ಇದೆ! ಬಿಸಿ ಇದ್ದಾಗ ಕಾರ್ಬನ್ ಆಮ್ಲಜನಕದ ಜೊತೆ ಸೇರಿ ಮಾನಾಕ್ಸೈಡ್ ಆಗುತ್ತದೆ, ತಣಿದ ಮೇಲೆ ಹೈಡ್ರೋಜನ್ ಜೊತೆ ಸೇರಿ ಮೀಥೇನ್ ಆಗುತ್ತದೆ. ಈ ಒಂದು ವಸ್ತುವಿನಲ್ಲಿ ಎರಡೂ ಒಟ್ಟಿಗೆ. ಹತ್ತು ಸಲ ಓದಿದರೂ ತಲೆಗೆ ಹೋಗದ ಕೆಮಿಸ್ಟ್ರಿ ಈ ಅರ್ಧ ಇಂಚು ಪ್ಲಾಟಿನಲ್ಲಿ ಕಾಣುತ್ತದೆ.

ಯಾವುದಕ್ಕೂ ಹೊಂದದಿದ್ದರೆ

ಆಗಲೇ ಕೆಲಸಕ್ಕೆ ರುಚಿ ಬರುವುದು. ಎಚ್ ಬ್ಯಾಂಡಿನ ದಿಬ್ಬ ದುಂಡಗಿರುವ ಬದಲು ಚೂಪು ತ್ರಿಕೋನವಾಗಿದೆ, ಪೊಟ್ಯಾಸಿಯಂ ಕಚ್ಚು, ಐರನ್ ಹೈಡ್ರೈಡ್ ಎರಡೂ ಸಪ್ಪೆ, ಇಡೀ ಸ್ಪೆಕ್ಟ್ರಂ ಕೆಂಪು ಅಂತಾದರೆ ಅದು ಎಳೆಯದು. ಇನ್ನೂ ಕುಗ್ಗಿ ಮುಗಿದಿಲ್ಲ, ಗುರುತ್ವ ಕಡಿಮೆ, ಅನಿಲದ ಒತ್ತಡ ಕಡಿಮೆ, ಅದಕ್ಕೇ ಹಾಗೆ. ಇದಕ್ಕೆ ಉಲ್ಟಾ, ಕೆ ದಿಬ್ಬ ಚಪ್ಪಟೆ, ನೀಲಿ, ಐರನ್ ಹೈಡ್ರೈಡ್ ಜೋರು ಅಂತಾದರೆ ಅದು ಲೋಹ ಕಡಿಮೆ ಇರುವ ಹಳೆಯ ಕುಳ. ಒತ್ತಡ ಹೆಚ್ಚಿದಾಗ ಹೈಡ್ರೋಜನ್ ಅಣುಗಳು ಡಿಕ್ಕಿ ಹೊಡೆದುಕೊಂಡೇ ಕೆ ಬ್ಯಾಂಡಿನ ಬೆಳಕನ್ನು ನುಂಗುತ್ತವೆ.

ಜೆಯಲ್ಲಿ ಒಂದು ವರ್ಗ, ಎಚ್‌ನಲ್ಲಿ ಇನ್ನೊಂದು ವರ್ಗ ಹೇಳುತ್ತಿದ್ದರೆ, ಅದರಲ್ಲೂ 1.6ರ ಹತ್ತಿರ ಇರಬಾರದ ಸಣ್ಣ ಕಚ್ಚು ಕಂಡರೆ, ಅದು ಜೋಡಿ ಇರಬಹುದು: ಒಂದು ಬಿಸಿಯದು, ಒಂದು ಮೀಥೇನ್ ಇರುವ ತಣ್ಣಗಿನದು, ಎರಡರ ಬೆಳಕೂ ಬೆರೆತಿದೆ. ಪರೀಕ್ಷೆ ಮಾಡಲಿಕ್ಕೆ ಎರಡು ಮಾದರಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿ ನೋಡಿ. ಒಂದೇ ಮಾದರಿಗಿಂತ ಜೋಡಿ ಚೆನ್ನಾಗಿ ಹೊಂದಿತು ಎಂದ ಮಾತ್ರಕ್ಕೆ ಹಾರಾಡಬೇಡಿ. ಹೊಂದಿಸಲಿಕ್ಕೆ ತಿರುಗಿಸುವ ಗುಬ್ಬಿ ಎರಡು ಕೊಟ್ಟರೆ ಯಾವುದೂ ಸ್ವಲ್ಪ ಚೆನ್ನಾಗಿಯೇ ಹೊಂದುತ್ತದೆ. ಆ 1.6ರ ಕಚ್ಚು ಕೂಡಿಸಿದ್ದರಲ್ಲಿ ತಾನಾಗಿ ಬಂತಾ ಎಂದು ನೋಡಿ.

ಇನ್ನು ಕಾರ್ಬನ್ ಮಾನಾಕ್ಸೈಡಿನ ಮೆಟ್ಟಿಲುಗಳು ತುಂಬಾ ಜೋರಾಗಿದ್ದು ಸೋಡಿಯಂ, ಪೊಟ್ಯಾಸಿಯಂ ಕಾಣದೇ ಇದ್ದರೆ ಅದು ಕುಬ್ಜವೇ ಅಲ್ಲ, ದೂರದ ಕೆಂಪು ದೈತ್ಯ.

ತೂಕ ಮಾತ್ರ ಹೇಳಬೇಡಿ

ಎಲ್2 ಬಂತು, ಹಾಗಾದರೆ ಕಂದು ಕುಬ್ಜವೇ ಎಂದು ಬರೆಯಬೇಡಿ. ವರ್ಗ ಹೇಳುವುದು ಬಿಸಿಯನ್ನು, ತೂಕವನ್ನಲ್ಲ. ಕಂದು ಕುಬ್ಜ ತಣಿಯುತ್ತಾ ಹೋಗುವುದರಿಂದ ಎಳೆಯದಿದ್ದಾಗ ಎಂ, ಮುದಿಯಾದಾಗ ಟಿ. ಟೈಡೆ 1 ಕಂದು ಕುಬ್ಜವಾದರೂ ಅದರ ವರ್ಗ ಎಂ8, ಅದೇ ಎಂ8 ವಿಬಿ 10 ಮಾತ್ರ ಪಕ್ಕಾ ನಕ್ಷತ್ರ. ಅತಿ ಸಣ್ಣ ನಕ್ಷತ್ರಗಳು ಸುಮಾರು ಎಲ್2ರ ಆಸುಪಾಸಿನವರೆಗೆ ಇಳಿಯುತ್ತವೆ. ಟಿ ಬಂತೆಂದರೆ ಧೈರ್ಯವಾಗಿ ಹೇಳಬಹುದು, ನಕ್ಷತ್ರ ಅಷ್ಟು ತಣ್ಣಗಾಗುವುದಿಲ್ಲ. ನಡುವಿನವಕ್ಕೆ ಲಿಥಿಯಂ ಉಳಿದಿದೆಯಾ ಎಂದು ನೋಡುವ ಪರೀಕ್ಷೆ ಉಂಟು, 0.6708 ಮೈಕ್ರಾನ್ ಗೆರೆ, ಆದರೆ ನಮ್ಮ ಪ್ರಿಸಂ ಡೇಟಾದಲ್ಲಿ ಅದು ಕಾಣುವುದಿಲ್ಲ, ಬಿಡಿ.

ಇದೆಲ್ಲ ಪಳಗಿದ ಮೇಲೆ ಹೊಸ ಡೇಟಾಕ್ಕೆ ಕೈ ಹಾಕಬಹುದು. ಜೇಮ್ಸ್ ವೆಬ್ ಟೆಲಿಸ್ಕೋಪಿನ ನಿಯರ್‌ಸ್ಪೆಕ್ ಪ್ರಿಸಂ 0.6ರಿಂದ 5.3 ಮೈಕ್ರಾನ್‌ವರೆಗೆ ನೋಡುತ್ತದೆ, ಅದು ಬಾಹ್ಯಾಕಾಶದಲ್ಲಿ ಇರುವುದರಿಂದ ಭೂಮಿಯ ನೀರಿನ ಕಾಟವೇ ಇಲ್ಲ, 1.4ರ ತಗ್ಗಿನ ತಳವೂ ಅಲ್ಲಿ ನಿಜವಾದದ್ದು. 2025ರ ಮಾರ್ಚಿನಲ್ಲಿ ಹಾರಿಸಿದ ಸ್ಫಿಯರೆಕ್ಸ್ ಉಪಗ್ರಹ ಇಡೀ ಆಕಾಶವನ್ನೇ 0.75ರಿಂದ 5 ಮೈಕ್ರಾನ್‌ವರೆಗೆ ಗುಡಿಸುತ್ತಿದೆ, ರೆಸಲ್ಯೂಶನ್ ಕಡಿಮೆ, ಡೇಟಾ ಸಾರ್ವಜನಿಕ. ಹೊಸ ವಸ್ತು ಹುಡುಕುವ ಹುಚ್ಚು ಇದ್ದರೆ ಬ್ಯಾಕ್‌ಯಾರ್ಡ್ ವರ್ಲ್ಡ್ಸ್ ಎಂಬ ಯೋಜನೆ 2017ರಿಂದ ನಡೆಯುತ್ತಿದೆ. ವೈಸ್ ಉಪಗ್ರಹದ ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸುತ್ತಾರೆ, ಜಾಗ ಬದಲಿಸುವ ಚುಕ್ಕಿ ಹುಡುಕಬೇಕು. ಸಾಮಾನ್ಯ ಜನ ಮನೆಯಲ್ಲಿ ಕೂತು ಅಲ್ಲಿ ಎಷ್ಟೋ ಕಂದು ಕುಬ್ಜಗಳನ್ನು ಹಿಡಿದಿದ್ದಾರೆ.

ಕೊನೆಗೆ, ಪ್ರಾಜೆಕ್ಟ್ ಪುಸ್ತಕದಲ್ಲಿ ಬರೆಯುವಾಗ ಬರೀ 'ಎಲ್5' ಎಂದು ಬರೆದು ಬಿಡಬೇಡಿ. 'ಎಲ್5, ಹೆಚ್ಚು ಕಡಿಮೆ ಒಂದು ಮೆಟ್ಟಿಲು, 0.9-1.35 ಮೈಕ್ರಾನ್‌ನಲ್ಲಿ ಹೋಲಿಸಿದ್ದು, ಕೆ ಮಾದರಿಗಿಂತ ಮೇಲೆ, 1.282ರಲ್ಲಿ ಎ0 ನಕ್ಷತ್ರದ ಶೇಷ' ಎಂದು ಬರೆಯಿರಿ, ಪಕ್ಕದಲ್ಲಿ ಆ ಮೂರು ಬಣ್ಣದ ಪ್ಲಾಟ್ ಅಂಟಿಸಿ. ವೈವಾದಲ್ಲಿ ಮೊದಲ ಪ್ರಶ್ನೆ ಬರುವುದು ಆ ಪ್ಲಾಟಿನ ಮೇಲೆಯೇ.